ಎಬಡರಲ್ಲದಿದ್ದರೆ ಮುಳುಗಲ್ಲ

ಏಳು ವರ್ಷದ ಹುಡುಗನೊಬ್ಬ ಹುಲ್ಲುಗಾವಲಿನ ಏರು ಹತ್ತಿ ಬರುತ್ತಿದ್ದಾನೆ. ಸೀದಾ ಬರುತ್ತಿಲ್ಲ. ಈ ಬದಿಯ ಬೇಲಿಯವರೆಗೆ ಓಡುತ್ತಾನೆ, ಅಲ್ಲಿಂದ ತಿರುಗಿ ಆ ಬದಿಯ ಬೇಲಿಯವರೆಗೆ ಓಡುತ್ತಾನೆ, ಮತ್ತೆ ಈ ಬದಿಗೆ. ಯಾಕೆಂದರೆ ಅವನು ಈಗ ಹುಡುಗನಲ್ಲ, ಹಾಯಿಹಡಗು. ಗಾಳಿ ಎದುರಿಂದ ಬೀಸುತ್ತಿದೆ. ಎದುರುಗಾಳಿಗೆ ಹಾಯಿಹಡಗು ನೆಟ್ಟಗೆ ಹೋಗಲಾರದು, ಓರೆ ಓರೆಯಾಗಿಯೇ ಮುಂದೆ ಸಾಗಬೇಕು. ಮೇಲೆ ಗೇಟಿನ ಹತ್ತಿರ ಅವನ ಅಮ್ಮ ನಿಂತಿದ್ದಾಳೆ. ಅವಳ ಕೈಯಲ್ಲಿ ಒಂದು ಟೆಲಿಗ್ರಾಂ. ಮಕ್ಕಳೆಲ್ಲ ದಿನಗಟ್ಟಲೆ ಕಾದಿದ್ದ ಉತ್ತರ ಅದು. ಹುಡುಗನಿಗೆ ಹಾರಿ ಬಂದು ಕಸಿದುಕೊಳ್ಳುವಷ್ಟು ಆಸೆ ಇದೆ. ಆದರೂ ಅವನು ಓರೆಯಾಗಿಯೇ ಬರುತ್ತಾನೆ. ಅಮ್ಮ "ಬೇಗ ಬಾರೋ" ಅನ್ನುವುದಿಲ್ಲ. ಎದುರಿಗೆ ಹೋಗುವುದೂ ಇಲ್ಲ. ಹಡಗು ಬಂದು ತಲುಪುವವರೆಗೆ ಅಲ್ಲೇ ನಿಂತು ಕಾಯುತ್ತಾಳೆ.

ಆರ್ಥರ್ ರ‍್ಯಾನ್ಸಮ್ ಬರೆದ 'ಸ್ವಾಲೋಸ್ ಅಂಡ್ ಅಮೆಜಾನ್ಸ್' ಕಾದಂಬರಿ ಶುರುವಾಗುವುದು ಹೀಗೆ. 1930ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕ. ನಾನು ಇದನ್ನು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡೆ. ಬೆನ್ನು ಬಿಟ್ಟುಹೋಗಿದ್ದ ಪ್ರತಿ. ಒಳಗೆ ಲೇಖಕರೇ ಬಿಡಿಸಿದ ಒರಟು ಚಿತ್ರಗಳು, ಒಂದು ಕೆರೆಯ ನಕ್ಷೆ. ನಕ್ಷೆ ಇದ್ದ ಪುಸ್ತಕವನ್ನು ನಾನು ಯಾವತ್ತೂ ಕೆಳಗಿಟ್ಟವಳಲ್ಲ. ಮನೆಗೆ ತಂದು, ಹದಿಮೂರು ತುಂಬಿದ ಮಗಳಿಗೆ ರಾತ್ರಿ ಊಟ ಆದಮೇಲೆ ಕನ್ನಡದಲ್ಲಿ ಹೇಳುತ್ತಾ ಓದತೊಡಗಿದೆ. ಓದುವುದಕ್ಕಿಂತ ಜಾಸ್ತಿ ನಗುವುದೇ ಆಯಿತು. ಆದರೆ ಆ ಮೊದಲ ಪುಟದ ಅಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. ಪುಸ್ತಕ ಮುಗಿದು ತಿಂಗಳಾದರೂ ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಸರಳ. ವಾಕರ್ ಮನೆಯ ನಾಲ್ಕು ಮಕ್ಕಳು, ಜಾನ್, ಸೂಸನ್, ಟಿಟ್ಟಿ, ರೋಜರ್, ಬೇಸಿಗೆ ರಜೆಗೆ ಅಮ್ಮನ ಜೊತೆ ಕೆರೆಯ ದಂಡೆಯ ತೋಟದ ಮನೆಗೆ ಬಂದಿದ್ದಾರೆ. ಅಪ್ಪ ನೌಕಾಪಡೆಯಲ್ಲಿ ಅಧಿಕಾರಿ, ದೂರದ ಮಾಲ್ಟಾದಲ್ಲಿದ್ದಾನೆ. ಕೆರೆಯ ನಡುವೆ ಒಂದು ಪುಟ್ಟ ದ್ವೀಪ. ದಂಡೆಯಲ್ಲಿ ದೋಣಿ ನಿಲ್ಲಿಸುವ ಕೊಟ್ಟಿಗೆ, ಅದರಲ್ಲಿ 'ಸ್ವಾಲೋ' ಹೆಸರಿನ ಹಾಯಿದೋಣಿ. ದೊಡ್ಡವರು ಯಾರೂ ಇಲ್ಲದೆ ನಾವು ನಾಲ್ಕೇ ಜನ ಆ ದ್ವೀಪದಲ್ಲಿ ಟೆಂಟ್ ಹಾಕಿಕೊಂಡು ಇರಬಹುದಾ ಅಂತ ಮಕ್ಕಳು ಅಪ್ಪನಿಗೆ ಕಾಗದ ಬರೆದಿದ್ದಾರೆ. ಅದಕ್ಕೆ ಬಂದ ಉತ್ತರವೇ ಆ ಟೆಲಿಗ್ರಾಂ. ಇಂಗ್ಲಿಷಿನಲ್ಲಿ ಅದು ಬಹಳ ಹೆಸರಾದ ಸಾಲು. ಕನ್ನಡದಲ್ಲಿ ನಾನು ಹೇಳಿದ್ದು ಹೀಗೆ: "ಎಬಡರಾಗೋದಕ್ಕಿಂತ ಮುಳುಗೋದೇ ವಾಸಿ ಎಬಡರಲ್ಲದಿದ್ದರೆ ಮುಳುಗಲ್ಲ."

ಅದರಲ್ಲಿ ಕಾಮಾ ಇಲ್ಲ, ಪೂರ್ಣವಿರಾಮ ಇಲ್ಲ. ಪುಟ್ಟ ರೋಜರ್‌ಗೆ ತಲೆಬುಡ ತಿಳಿಯುವುದಿಲ್ಲ. ಟಿಟ್ಟಿ ಬಿಡಿಸಿ ಹೇಳುತ್ತಾಳೆ: ನಾವು ಎಬಡರಾಗಿದ್ದರೆ ಮುಳುಗಿಹೋದರೂ ಪರವಾಗಿಲ್ಲ ಅಂತ ಮೊದಲು ಹೇಳಿದ್ದಾರೆ, ಅಲ್ಲಿ ನಿಲ್ಲಿಸಿ, ಆಮೇಲೆ ನಾವು ಎಬಡರಲ್ಲವಾದ್ದರಿಂದ ಮುಳುಗುವುದಿಲ್ಲ ಅಂದಿದ್ದಾರೆ. ಆಗ ಸೂಸನ್, ಆ ಕೊನೆಯ ಮಾತು ಅಪ್ಪ ಅಮ್ಮನ ಸಮಾಧಾನಕ್ಕೆ ಸೇರಿಸಿದ್ದು ಅನ್ನುತ್ತಾಳೆ. ನನ್ನ ಮಗಳು ಇಲ್ಲಿ ನಗುತ್ತಾ ಮಂಚದಿಂದ ಎದ್ದು ಕೂತಳು. ಸಾವು ಬದುಕಿನ ವಿಷಯವನ್ನು ನಾಲ್ಕು ಮಕ್ಕಳು ವ್ಯಾಕರಣದ ಪಾಠದ ಹಾಗೆ ಕೂತು ಬಿಡಿಸುತ್ತಿದ್ದಾರೆ! ಈ ಪುಸ್ತಕದ ನಗು ಇಡೀ ಇಂಥದ್ದೇ. ಯಾರೂ ಜೋಕ್ ಹೇಳುವುದಿಲ್ಲ. ಮಕ್ಕಳು ತಮ್ಮ ಕೆಲಸವನ್ನು ಮೈಯೆಲ್ಲ ಗಮನವಾಗಿ ಮಾಡುತ್ತಿರುತ್ತಾರೆ, ನಮಗೆ ನಗು ಉಕ್ಕುತ್ತದೆ. ಲೇಖಕರು ಮಾತ್ರ ಒಮ್ಮೆಯೂ ಮಕ್ಕಳ ಬೆನ್ನ ಹಿಂದೆ ನಿಂತು ನಮಗೆ ಕಣ್ಣು ಹೊಡೆಯುವುದಿಲ್ಲ. ಜಾನ್ ಕ್ಯಾಪ್ಟನ್ ಅಂದರೆ ಕ್ಯಾಪ್ಟನ್ನೇ.

'ಎಬಡ' ಅನ್ನುವ ಪದ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಮೂಲದಲ್ಲಿರುವುದು 'ಡಫರ್'. ನಮ್ಮ ಶಾಲೆಗಳಲ್ಲಿ ಓಡಾಡಿದವರಿಗೆ ಆ ಪದ ಚೆನ್ನಾಗಿ ಗೊತ್ತು. ಲೆಕ್ಕ ತಪ್ಪಿದರೆ ಡಫರ್, ಮಾರ್ಕ್ಸ್ ಕಡಿಮೆ ಬಂದರೆ ಡಫರ್. ಆದರೆ ಆ ಅಪ್ಪ ಹೇಳುತ್ತಿರುವುದು ಮಾರ್ಕ್ಸಿನ ಮಾತಲ್ಲ. 'ದಡ್ಡ' ಅಂದರೂ 'ಪೆದ್ದ' ಅಂದರೂ ಅದು ಹುಟ್ಟಿನಿಂದ ಬಂದ ಕೊರತೆಯ ಹಾಗೆ ಕೇಳುತ್ತದೆ. ಎಬಡ ಅಂದರೆ ಬೇರೆ. ಕೈಯಲ್ಲಿ ಹಿಡಿದದ್ದನ್ನು ಬೀಳಿಸುವವನು, ಮೋಡ ಕಂಡರೂ ಬಟ್ಟೆ ಒಳಗೆ ತರದವನು, ಹಗ್ಗವನ್ನು ಗಂಟು ನೋಡದೆ ಎಳೆಯುವವನು. ಎಬಡತನವನ್ನು ಬಿಡಬಹುದು. ಅಪ್ಪನ ಟೆಲಿಗ್ರಾಮಿನಲ್ಲಿ ಇರುವುದು ಅದೇ ಭರವಸೆ ಅಂತ ನನಗನಿಸಿತು.

ಸರಿ, ಮಕ್ಕಳು ದ್ವೀಪಕ್ಕೆ ಹೋಗುತ್ತಾರೆ. ಜಾನ್ ಕ್ಯಾಪ್ಟನ್, ಸೂಸನ್ ಮೇಟ್, ಟಿಟ್ಟಿ ಏಬಲ್ ಸೀಮನ್, ರೋಜರ್ ಶಿಪ್ಸ್ ಬಾಯ್. ಆ ಕ್ಷಣದಿಂದ ಕೆರೆ ಮಹಾಸಾಗರ. ದಂಡೆಯ ಪೇಟೆ ರಿಯೋ ಪಟ್ಟಣ. ಡಬ್ಬಿಯ ಮಾಂಸ ಧ್ರುವಯಾತ್ರಿಕರ ಪೆಮ್ಮಿಕನ್. ಜಿಂಜರ್ ಬಿಯರ್ ಅನ್ನುವ ಶುಂಠಿ ಪಾನೀಯ ನಾವಿಕರ ಮದ್ಯ ಗ್ರಾಗ್. ಈ ಗ್ರಾಗ್ ನಮ್ಮ ಮನೆಯಲ್ಲಿ ತಕ್ಷಣ ಪಾನಕ ಆಯಿತು, ಅದರಲ್ಲಿ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಇನ್ನೊಂದು ಪದ. ದೊಡ್ಡವರನ್ನೆಲ್ಲ ಈ ಮಕ್ಕಳು 'ನೇಟಿವ್ಸ್' ಅನ್ನುತ್ತಾರೆ. ಅಮ್ಮ ಕೂಡ ನೇಟಿವ್, ಹಾಲು ಕೊಡುವ ರೈತನ ಹೆಂಡತಿಯೂ ನೇಟಿವ್. 1929ರ ಇಂಗ್ಲಿಷ್ ಮಕ್ಕಳ ಬಾಯಲ್ಲಿ ಆ ಪದ ಎಲ್ಲಿಂದ ಬಂತು ಅನ್ನುವುದನ್ನು ನಾವು ಮರೆಯಲಾಗದು. ಅವರು ಓದಿದ ಸಾಹಸದ ಕಥೆಗಳಲ್ಲಿ ಆ ನೇಟಿವ್ ಅಂದರೆ ನಮ್ಮಂಥವರೇ. ಓದುವಾಗ ನನಗೆ ಚುಚ್ಚಿತು. ಅದನ್ನು ಮಗಳಿಗೆ ಹೇಳಿದೆ ಕೂಡ. ಅವಳು ಸ್ವಲ್ಪ ಯೋಚಿಸಿ, "ಆದ್ರೆ ಇಲ್ಲಿ ಇಂಗ್ಲಿಷರೇ ನೇಟಿವ್ ಆಗಿದಾರಲ್ಲಮ್ಮ" ಅಂದಳು. ಅದೂ ನಿಜ. ಕೊನೆಗೆ ನಾವು 'ಊರವರು' ಅಂತ ಮಾಡಿಕೊಂಡೆವು. ಕಾಡಿನಲ್ಲಿ ಬಿಡಾರ ಹೂಡಿದವರಿಗೆ ಉಳಿದವರೆಲ್ಲ ಊರವರೇ ತಾನೆ?

ಈ ದ್ವೀಪದ ಬದುಕಿನಲ್ಲಿ ನನಗೆ ಬಹಳ ಇಷ್ಟವಾದದ್ದು ಅಡುಗೆ. ಸೂಸನ್ ಮೊಟ್ಟೆಗಳನ್ನು ಬೆಣ್ಣೆಯಲ್ಲಿ ಕಲಕಿ ಬೇಯಿಸುತ್ತಾಳೆ. ಬಾಣಲೆಯನ್ನೇ ನಡುವೆ ಇಟ್ಟು ನಾಲ್ವರೂ ಸುತ್ತ ಕೂತು ಚಮಚದಲ್ಲಿ ತಿನ್ನುತ್ತಾರೆ. ಕಡಲುಗಳ್ಳರ ದ್ವೀಪದಲ್ಲೂ ಸೂಸನ್ ಇರುವಷ್ಟು ಕಾಲ ಮಲಗುವ ಹೊತ್ತಿಗೆ ಮಲಗಬೇಕು. ಕೆಲವರಿಗೆ ಅವಳು ಬೋರು ಅನಿಸುತ್ತಾಳಂತೆ. ನನಗಂತೂ ಹಾಗನಿಸಲಿಲ್ಲ. ಸೂಸನ್ ಇಲ್ಲದಿದ್ದರೆ ಮೂರನೇ ದಿನ ಎಲ್ಲರೂ ಹಸಿದು ಮನೆಗೆ ವಾಪಸ್ ಬರುತ್ತಿದ್ದರು.

ಇನ್ನು ಹಾಲು. ಪ್ರತಿದಿನ ಬೆಳಿಗ್ಗೆ ಒಬ್ಬರೋ ಇಬ್ಬರೋ ದೋಣಿ ಹುಟ್ಟು ಹಾಕಿಕೊಂಡು ಎದುರು ದಂಡೆಯ ಡಿಕ್ಸನ್ ತೋಟಕ್ಕೆ ಹೋಗಿ ಹಾಲು ತರಬೇಕು. ಮಕ್ಕಳಿಗೆ ಅದು ಸುಮ್ನೆ ದಿನದ ಕೆಲಸ. ಆದರೆ ಒಂದು ಕ್ಷಣ ಆ ಕಡೆಯಿಂದ ನೋಡಿ. ದಿನವೂ ಬೆಳಿಗ್ಗೆ ದೊಡ್ಡವರೊಬ್ಬರು ಆ ಮಕ್ಕಳ ಮುಖ ನೋಡುತ್ತಾರೆ. ಯಾರಿಗಾದರೂ ಜ್ವರ ಬಂದರೆ, ಯಾರಾದರೂ ಕೈ ಸುಟ್ಟುಕೊಂಡರೆ, ಹಾಲಿಗೆ ಯಾರೂ ಬರದೇ ಹೋದರೆ, ಒಂದು ಗಂಟೆಯೊಳಗೆ ಸುದ್ದಿ ಅಮ್ಮನಿಗೆ ಮುಟ್ಟುತ್ತದೆ. ಮಕ್ಕಳಿಗೆ ಕಾವಲು ಅನಿಸದ ಕಾವಲು. ನಾನು ಚಿಕ್ಕವಳಾಗಿದ್ದಾಗ ಓದಿದ್ದರೆ ಈ ಹಾಲಿನ ಕ್ಯಾನು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದಕ್ಕೆ ಕಾರಣ ಇದೆ. ನಾನು ಎಂಟನೇ ಕ್ಲಾಸ್ ಮುಗಿಸಿದ ವರ್ಷ, ಹೊನ್ನಾವರದ ಹತ್ತಿರ ನಮ್ಮ ಅಜ್ಜನ ಮನೆಯಲ್ಲಿ, ನಾವು ಐದು ಜನ ಮಕ್ಕಳು ಆರು ದಿನ ಗೇರುಗುಡ್ಡದಲ್ಲಿ ಇದ್ದೆವು. ಹಳ್ಳದ ಆಚೆ ಗುಡ್ಡ. ಏಪ್ರಿಲ್ ಕೊನೆ. ಗೇರುಹಣ್ಣು ಉದುರುವ ಕಾಲ. ಹೆಕ್ಕುವ ಜನ ಆ ವಾರ ಸಿಕ್ಕಿರಲಿಲ್ಲ. ನಾವು ಅಲ್ಲೇ ಇದ್ದು ಹೆಕ್ಕುತ್ತೇವೆ, ರಾತ್ರಿಯೂ ಅಲ್ಲೇ ಮಲಗುತ್ತೇವೆ ಅಂತ ಮಾವನ ಮಗ, ನಮ್ಮೆಲ್ಲರಿಗಿಂತ ದೊಡ್ಡವನು, ಹಟ ಹಿಡಿದ. ಅಜ್ಜ ಏನೂ ಹೇಳಲಿಲ್ಲ. ಸಂಜೆ ಹೋಗಿ ಬಿಡಾರದ ಸೋಗೆ ಸರಿಮಾಡಿ ಬಂದರು. ಅದೇ ಒಪ್ಪಿಗೆ.

ಅಮ್ಮಮ್ಮ ಅಕ್ಕಿ, ಉಪ್ಪು, ಬೆಲ್ಲ, ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಒಂದು ಲಾಟೀನು, ಒಂದು ಬ್ಯಾಟರಿ. ಹಾಲು ಮಾತ್ರ ಕೊಡಲಿಲ್ಲ. "ಬಿಸಿಲಿಗೆ ಒಡೆದುಹೋಗ್ತದೆ. ದಿನಾ ಬೆಳಿಗ್ಗೆ ಒಬ್ಬರು ಬಂದು ತಗೊಂಡು ಹೋಗಿ" ಅಂದರು. ನಾವು ಸರದಿ ಹಾಕಿಕೊಂಡೆವು. ನನ್ನ ಸರದಿಯ ದಿನ ಕಾಲುಸಂಕ ದಾಟಿ ಕೊಟ್ಟಿಗೆ ಬಾಗಿಲಿಗೆ ಹೋಗಿ ನಿಂತಾಗ ಅಮ್ಮಮ್ಮ ಏನೂ ಕೇಳಲಿಲ್ಲ. ತಂಬಿಗೆ ತಗೊಂಡು ಹಾಲು ಹೊಯ್ಯುತ್ತಾ ನನ್ನ ಕಾಲು ನೋಡಿದರು. ಕೈ ನೋಡಿದರು. ಗೇರುಸೊನೆ ತಾಗಿ ತುಟಿ ಸುಟ್ಟಿದ್ದನ್ನು ನೋಡಿದರು. ಒಳಗೆ ಹೋಗಿ ಬೆರಳ ತುದಿಯಲ್ಲಿ ತೆಂಗಿನೆಣ್ಣೆ ತಂದು ತುಟಿಗೆ ಹಚ್ಚಿದರು. "ಹೋಗು, ಹಾಲು ತುಳುಕ್ತದೆ" ಅಂದರು. ಅಷ್ಟೇ. ನಾನು ರಾಣಿಯ ಹಾಗೆ ವಾಪಸ್ ನಡೆದೆ. ಮೂವತ್ತು ವರ್ಷದ ಮೇಲೆ ಇಂಗ್ಲೆಂಡಿನ ಒಂದು ಕೆರೆಯ ಕಥೆ ಓದುವಾಗ ಆ ತಂಬಿಗೆಯ ಅರ್ಥ ನನಗೆ ತಿಳಿಯಿತು.

ಪುಸ್ತಕಕ್ಕೆ ವಾಪಸ್ ಬರುತ್ತೇನೆ. ಕಥೆಗೆ ಬಿಸಿ ಬರುವುದು ಇನ್ನೊಂದು ದೋಣಿ ಬಂದಾಗ. 'ಅಮೆಜಾನ್' ಅನ್ನುವ ದೋಣಿ, ಅದರಲ್ಲಿ ನ್ಯಾನ್ಸಿ ಮತ್ತು ಪೆಗ್ಗಿ ಅನ್ನುವ ಅಕ್ಕತಂಗಿಯರು. ನ್ಯಾನ್ಸಿಯ ಹುಟ್ಟು ಹೆಸರು ರೂತ್. ಆದರೆ ಅಮೆಜಾನ್ ಅನ್ನಿಸಿಕೊಂಡವರು 'ರೂತ್‌ಲೆಸ್', ಅಂದರೆ ಕರುಣೆ ಇಲ್ಲದವರು ಆಗಿರಬೇಕು ಅಂತ ಅವಳ ಮಾಮ ಹೇಳಿದ್ದಾನೆ. ಹಾಗಾದರೆ ಅಮೆಜಾನ್ ದೋಣಿಯ ಕಡಲುಗಳ್ಳಿಗೆ ರೂತ್ ಅಂತ ಹೆಸರಿದ್ದರೆ ಹೇಗೆ? ಅದಕ್ಕೇ ಅವಳು ನ್ಯಾನ್ಸಿ ಆಗಿಬಿಟ್ಟಳು. ಈ ಒಂದು ಜಾಗದಲ್ಲಿ ಮಾತ್ರ ನಾನು ಕನ್ನಡಕ್ಕೆ ಸೋತೆ. ಇಂಗ್ಲಿಷಿನಲ್ಲೇ ಹೇಳಿ ಅರ್ಥ ಬಿಡಿಸಬೇಕಾಯಿತು. 1930ರ ಪುಸ್ತಕದಲ್ಲಿ ದೋಣಿ ನಡೆಸುವುದರಲ್ಲಿ, ಬಾಯಿ ಮಾಡುವುದರಲ್ಲಿ, ಯುದ್ಧ ಹೂಡುವುದರಲ್ಲಿ ಎಲ್ಲರನ್ನೂ ಮೀರಿಸುವವಳು ಒಬ್ಬಳು ಹುಡುಗಿ. ಅದಕ್ಕೆ ಲೇಖಕರು ಯಾವ ವಿವರಣೆಯನ್ನೂ ಕೊಡುವುದಿಲ್ಲ. ಅವಳು ಹಾಗೇ, ಅಷ್ಟೆ. ಮಗಳಿಗೆ ಈ ನ್ಯಾನ್ಸಿ ಹಿಡಿಸಿದಷ್ಟು ಇನ್ಯಾರೂ ಹಿಡಿಸಲಿಲ್ಲ.

ಎರಡು ದೋಣಿಗಳ ಯುದ್ಧದ ರಾತ್ರಿ ಜಾನ್ ಒಂದು ತಪ್ಪು ಮಾಡುತ್ತಾನೆ. ಕತ್ತಲಲ್ಲಿ ದೋಣಿ ಹಾಯಿಸುತ್ತಾನೆ. ಕೆರೆಯಲ್ಲಿ ಬಂಡೆಗಳಿವೆ, ದಂಡೆ ಕಾಣುವುದಿಲ್ಲ, ಜೊತೆಗೆ ಏಳು ವರ್ಷದ ತಮ್ಮ ಇದ್ದಾನೆ. ಏನೂ ಆಗುವುದಿಲ್ಲ. ಆದರೆ ಆಮೇಲೆ ಅವನೇ ಅದನ್ನು ಅಮ್ಮನಿಗೆ ಹೇಳುತ್ತಾನೆ. ಅಮ್ಮ ಕೂಗಾಡುವುದಿಲ್ಲ. ಇದು ಎಬಡತನಕ್ಕೆ ಬಹಳ ಹತ್ತಿರ ಬಂತಲ್ಲ ಅನ್ನುವ ಅರ್ಥದ ಒಂದು ಮಾತು ಹೇಳುತ್ತಾಳೆ. ಇನ್ನು ಮೇಲೆ ರಾತ್ರಿ ದೋಣಿ ಹಾಯಿಸುವುದಿಲ್ಲ ಅಂತ ಮಾತು ತಗೊಳ್ಳುತ್ತಾಳೆ. ದ್ವೀಪದಿಂದ ವಾಪಸ್ ಕರೆಸುವುದಿಲ್ಲ. ನಾನು ಇಲ್ಲಿ ಪುಸ್ತಕ ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನಾಗಿದ್ದರೆ ವಾಪಸ್ ಕರೆಸುತ್ತಿದ್ದೆ.

ನಮ್ಮ ಗೇರುಗುಡ್ಡದ ನಾಲ್ಕನೇ ರಾತ್ರಿಯೂ ಹೀಗೇ ಆಗಿತ್ತು. ಗುಡುಗು ಸಿಡಿಲಿನ ಮಳೆ ಬಂತು. ಲಾಟೀನು ಆರಿತು. ಸೋಗೆಯ ಒಂದು ಮೂಲೆ ಹಾರಿ ನೀರು ಒಳಗೆ ಸುರಿಯಿತು. ಕಿರಿಯವರಿಬ್ಬರೂ ಅಳುತ್ತಿದ್ದರು. ಸಂಕ ದಾಟಿ ಮನೆಗೆ ಹೋಗೋಣ ಅಂತ ಅಣ್ಣ ಹೊರಟೇಬಿಟ್ಟ. ನನ್ನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಹಳ್ಳದಲ್ಲಿ ನೀರು ಎಷ್ಟಿದೆ ಅಂತ ಕಾಣ್ತದಾ ನಿಂಗೆ? ಬೆಳಗಾಗ್ಲಿ" ಅಂದಳು. ಐದೂ ಜನ ಒಂದೇ ಕಂಬಳಿಯಲ್ಲಿ ಒಣಗಿದ್ದ ಮೂಲೆಯಲ್ಲಿ ಕೂತೆವು. ಬೆಳಿಗ್ಗೆ ಹಾಲಿಗೆ ಐದೂ ಜನ ಹೋದೆವು. ನಡೆದದ್ದನ್ನೆಲ್ಲ ಅಣ್ಣನೇ ಹೇಳಿದ. ಅಮ್ಮಮ್ಮ ಕೇಳಿದ್ದು ಒಂದೇ: "ಸಂಕ ದಾಟಲಿಲ್ಲ ಅಲ್ವಾ?" ಇಲ್ಲ ಅಂದೆವು. "ಹಾಗಾದ್ರೆ ಸರಿ" ಅಂದು ಬಿಸಿ ದೋಸೆ ಎರೆದರು. ಅಜ್ಜ ಹೊಸ ಸೋಗೆ ತಗೊಂಡು ಗುಡ್ಡಕ್ಕೆ ಹೋದರು. ಇನ್ನೆರಡು ರಾತ್ರಿ ನಾವು ಅಲ್ಲೇ ಇದ್ದೆವು.

ಜಾನ್‌ಗೆ ಆಗುವ ದೊಡ್ಡ ನೋವು ಬೇರೆ. ಕೆರೆಯಲ್ಲಿ ಒಂದು ದೋಣಿಮನೆ, ಅಂದರೆ ಮನೆಯನ್ನಾಗಿ ಮಾಡಿಕೊಂಡ ದೋಣಿ, ಇದೆ. ಅದರಲ್ಲಿ ನ್ಯಾನ್ಸಿಯ ಮಾಮ ಒಂದು ಹಸಿರು ಗಿಳಿ ಸಾಕಿಕೊಂಡು ಪುಸ್ತಕ ಬರೆಯುತ್ತಾ ಕೂತಿದ್ದಾನೆ. ಮಕ್ಕಳು ಅವನಿಗೆ ಕ್ಯಾಪ್ಟನ್ ಫ್ಲಿಂಟ್ ಅಂತ ಹೆಸರಿಟ್ಟಿದ್ದಾರೆ. ಅವನ ಚಾವಣಿ ಮೇಲೆ ಯಾರೋ ಪಟಾಕಿ ಹಚ್ಚಿದ್ದಾರೆ. ಹಚ್ಚಿದವಳು ನ್ಯಾನ್ಸಿ, ಅವನು ಗುಮಾನಿ ಪಟ್ಟದ್ದು ಜಾನ್ ಮೇಲೆ. ಗುಡ್ಡದಲ್ಲಿ ಇದ್ದಿಲು ಸುಡುವ ಮುದುಕರು, ದೋಣಿಮನೆಗೆ ಬೀಗ ಹಾಕಿಕೊಳ್ಳಲು ಹೇಳಿ ಅಂತ ಮಕ್ಕಳ ಹತ್ತಿರ ಎಚ್ಚರಿಕೆ ಕಳಿಸಿದ್ದಾರೆ. ಅದನ್ನು ಮುಟ್ಟಿಸಲು ಜಾನ್ ಒಬ್ಬನೇ ಹೋದರೆ, ಆ ಮನುಷ್ಯ ಮಾತು ಕೇಳುವುದೇ ಇಲ್ಲ. ಸುಳ್ಳುಗಾರ ಅಂತ ಬೈದು ಓಡಿಸುತ್ತಾನೆ. ಜಾನ್ ದ್ವೀಪಕ್ಕೆ ಬಂದು, ಯಾರ ಹತ್ತಿರವೂ ಮಾತು ಬೇಡವಾಗಿ, ಇಡೀ ದ್ವೀಪವನ್ನು ಒಂದು ಸುತ್ತು ಈಜುತ್ತಾನೆ. ಆ ಕಡೆ ಗಮನ ಕೊಡದ ಮನುಷ್ಯನ ದೋಣಿಮನೆಗೆ ಕಳ್ಳರು ನುಗ್ಗುತ್ತಾರೆ. ಅವನ ಪೆಟ್ಟಿಗೆ, ಅದರೊಳಗಿನ ಹಸ್ತಪ್ರತಿ, ಟೈಪ್‌ರೈಟರ್ ಎಲ್ಲ ಹೋಗುತ್ತದೆ. ಅದನ್ನು ಕೊನೆಗೆ ಹುಡುಕಿ ಕೊಡುವವರು ಮನೆಯ ಚಿಕ್ಕವರಾದ ಟಿಟ್ಟಿ ಮತ್ತು ರೋಜರ್.

ಆದರೆ ಪೆಟ್ಟಿಗೆ ಸಿಗುವುದಕ್ಕೆ ಮುಂಚೆಯೇ ನನಗೆ ಬೇಕಾದ ದೃಶ್ಯ ಬರುತ್ತದೆ. ಆ ದಪ್ಪ ಬೊಕ್ಕತಲೆಯ ಮನುಷ್ಯ ತಾನೇ ದೋಣಿ ಹುಟ್ಟು ಹಾಕಿಕೊಂಡು ದ್ವೀಪಕ್ಕೆ ಬರುತ್ತಾನೆ. ಜಾನ್ ಎದುರು ನಿಂತು, ನಿನ್ನನ್ನು ಸುಳ್ಳುಗಾರ ಅಂದದ್ದು ನನ್ನ ತಪ್ಪು ಅಂತ ಹೇಳಿ ಕ್ಷಮೆ ಕೇಳುತ್ತಾನೆ. ಆದರೆ, ಗೀದರೆ ಏನೂ ಇಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ದೊಡ್ಡವರು ಮಕ್ಕಳ ಕ್ಷಮೆ ಕೇಳುತ್ತಾರೆ? ತಪ್ಪು ಅಂತ ಗೊತ್ತಾದರೆ ಒಂದು ಚಾಕಲೇಟ್ ತಂದುಕೊಡುತ್ತೇವೆ, ಮಾತು ಬೇರೆ ಕಡೆ ತಿರುಗಿಸುತ್ತೇವೆ. ಆ ರಾತ್ರಿ ಮಗಳು ಕೇಳಿದಳು, "ಅವನು ದೊಡ್ಡೋನಲ್ವಾ, ಹೀಗೆ ಹೇಳೋಕೆ ನಾಚಿಕೆ ಆಗಲ್ವಾ?" ಅಂತ. ಆಗ್ತದೆ, ಆದ್ರೂ ಹೇಳಿದಾನೆ ನೋಡು ಅಂದೆ.

ಈ ಕಥೆ ಎಲ್ಲಿಂದ ಬಂತು ಅನ್ನುವುದೂ ಕಥೆಯಷ್ಟೇ ಚೆಂದ. ರ‍್ಯಾನ್ಸಮ್ ಹುಟ್ಟಿದ್ದು 1884ರಲ್ಲಿ, ಲೀಡ್ಸ್ ನಗರದಲ್ಲಿ. ಅಪ್ಪ ಇತಿಹಾಸದ ಪ್ರೊಫೆಸರ್. ಬೇಸಿಗೆ ರಜೆ ಬಂತೆಂದರೆ ಇಡೀ ಮನೆ ಲೇಕ್ ಡಿಸ್ಟ್ರಿಕ್ಟಿನ ಕಾನಿಸ್ಟನ್ ಕೆರೆಯ ತುದಿಯ ಹಳ್ಳಿಗೆ ಹೋಗುತ್ತಿತ್ತು. ಸುಮಾರು 8 ಕಿಲೋಮೀಟರ್ ಉದ್ದದ ಕೆರೆ ಅದು. ಹೋದ ತಕ್ಷಣ ಓಡಿಹೋಗಿ ಕೆರೆಯ ನೀರಿಗೆ ಕೈ ಅದ್ದುವುದು ಹುಡುಗನ ವ್ರತ. ಮರಿಪ್ರಾಣಿಗಳೆಲ್ಲ ತಾವೇ ಈಜುತ್ತವೆ ಅಂತ ನಂಬಿದ್ದ ಅಪ್ಪ ಒಮ್ಮೆ ಇವನನ್ನು ದೋಣಿಯಿಂದ ನೀರಿಗೆ ಬಿಟ್ಟರಂತೆ. ಇವನು ಮುಳುಗಿದ. ಆಮೇಲೆ ಲೀಡ್ಸಿನ ಈಜುಕೊಳದಲ್ಲಿ ತಾನೇ ಕಲಿತ. ಇವನ ಹದಿಮೂರನೇ ವಯಸ್ಸಿಗೆ ಆ ಅಪ್ಪ ತೀರಿಕೊಂಡರು. ಟೆಲಿಗ್ರಾಮಿನ ಸಾಲನ್ನು ಇದರ ಪಕ್ಕ ಇಟ್ಟು ನೋಡಿದಾಗ ನನಗೆ ಗಂಟಲು ಕಟ್ಟಿತು. ನೀರಿಗೆ ಎಸೆದ ಅಪ್ಪನನ್ನು ಮಗ ಐವತ್ತರ ಹತ್ತಿರ ಬಂದಮೇಲೆ ಕಥೆಯಲ್ಲಿ ಕೂರಿಸಿ, ನೀನು ಮುಳುಗಲ್ಲ ಅಂತ ಅವರ ಬಾಯಲ್ಲಿ ಹೇಳಿಸಿದ ಹಾಗಿದೆ. ಇದು ನನ್ನ ಊಹೆ. ಆದರೆ ಬಿಡಲು ಮನಸ್ಸಿಲ್ಲದ ಊಹೆ.

ನಡುವೆ ಅವರು ಬಹಳ ದೂರ ಹೋದರು. 1913ರಲ್ಲಿ ರಷ್ಯಾಕ್ಕೆ ಹೋದರು. ಅಲ್ಲಿನ ಕ್ರಾಂತಿಯನ್ನು ಕಣ್ಣಾರೆ ಕಂಡು ಇಂಗ್ಲಿಷ್ ಪತ್ರಿಕೆಗಳಿಗೆ ವರದಿ ಕಳಿಸಿದರು. ಲೆನಿನ್ ಜೊತೆ ಮಾತಾಡಿದರು. ಕ್ರಾಂತಿಯ ಇನ್ನೊಬ್ಬ ನಾಯಕ ಟ್ರಾಟ್‌ಸ್ಕಿಯ ಕಾರ್ಯದರ್ಶಿಯಾಗಿದ್ದ ಯೆವ್ಗೇನಿಯಾ ಶೆಲೆಪಿನಾ ಅವರನ್ನು 1924ರಲ್ಲಿ ಮದುವೆಯಾಗಿ ಲೇಕ್ ಡಿಸ್ಟ್ರಿಕ್ಟಿಗೆ ವಾಪಸ್ ಬಂದರು. ಮೊದಲ ಮದುವೆಯಿಂದ ಒಬ್ಬಳು ಮಗಳಿದ್ದಳು, ಟ್ಯಾಬಿತಾ. ಅವಳ ಬಾಲ್ಯ ಇವರಿಂದ ದೂರವೇ ಕಳೆದುಹೋಯಿತು. ಆ ಮೊದಲ ಹೆಂಡತಿಯ ತವರಿನ ಹೆಸರು ವಾಕರ್. ಕಾದಂಬರಿಯ ಮಕ್ಕಳ ಹೆಸರೂ ವಾಕರ್.

1928ರ ಬೇಸಿಗೆಯಲ್ಲಿ ಹಳೆಯ ಗೆಳತಿ ಡೋರಾ ಕಾನಿಸ್ಟನ್‌ಗೆ ಬಂದರು. ಅವರ ಗಂಡ ಅರ್ಮೇನಿಯನ್ ಮೂಲದ ಡಾಕ್ಟರ್ ಅರ್ನೆಸ್ಟ್ ಆಲ್ಟೂನ್ಯಾನ್. ಮನೆ ಇದ್ದದ್ದು ಸಿರಿಯಾದ ಅಲೆಪ್ಪೊದಲ್ಲಿ. ಐದು ಮಕ್ಕಳು: ಟಾಕಿ, ಸೂಸಿ, ಟಿಟ್ಟಿ, ರೋಜರ್, ಬ್ರಿಜಿಟ್. ಮಕ್ಕಳಿಗಾಗಿ ಎರಡು ದೋಣಿ ಕೊಂಡರು, 'ಸ್ವಾಲೋ' ಮತ್ತು 'ಮೇವಿಸ್'. ರ‍್ಯಾನ್ಸಮ್ ಅವರಿಗೆ ಹಾಯಿ ಹಿಡಿಯಲು ಕಲಿಸಿದರು. 1929ರ ಜನವರಿಯಲ್ಲಿ ಅವರ ಹುಟ್ಟುಹಬ್ಬಕ್ಕೆ ಮಕ್ಕಳು ಒಂದು ಜೊತೆ ಕೆಂಪು ಟರ್ಕಿ ಚಪ್ಪಲಿ ತಂದುಕೊಟ್ಟರು. ಆ ಚಪ್ಪಲಿಗೆ ಪ್ರತಿಯಾಗಿ ಅವರು ಪುಸ್ತಕ ಬರೆದರು. ಅರ್ಪಣೆಯಲ್ಲೇ ಹಾಗೆ ಬರೆದಿದ್ದರು. ಆಮೇಲೆ ಮನಸ್ತಾಪ ಬಂದು ಆ ಅರ್ಪಣೆಯನ್ನೇ ತೆಗೆಸಿದರು ಅನ್ನುವುದು ಬೇಸರದ ಮಾತು. ಜಗತ್ತೆಲ್ಲ ಅಪ್ಪಟ ಇಂಗ್ಲಿಷ್ ಬೇಸಿಗೆ ಅಂದುಕೊಂಡಿರುವ ಈ ಕಥೆಯ ಹಿಂದೆ ಇದ್ದವರು ರಜೆ ಮುಗಿದ ಮೇಲೆ ಅಲೆಪ್ಪೊಗೆ ವಾಪಸ್ ಹೋಗುವ ಮಕ್ಕಳು.

ಆ ಮಕ್ಕಳಲ್ಲಿ ರೋಜರ್ ಕಥೆ ಹೇಳದೆ ಇರಲಾರೆ. ಹುಲ್ಲುಗಾವಲಿನಲ್ಲಿ ಹಡಗಾಗಿ ಓಡಿದ ಹುಡುಗನಿಗೆ ಹೆಸರು ಕೊಟ್ಟ ರೋಜರ್ ಆಲ್ಟೂನ್ಯಾನ್ ದೊಡ್ಡವನಾಗಿ ಡಾಕ್ಟರಾದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಲು ಕಲಿಸುತ್ತಿದ್ದರು. ಅವರಿಗೇ ಉಬ್ಬಸ ಇತ್ತು. ಮೆಡಿಟರೇನಿಯನ್ ಕಡೆ ಬೆಳೆಯುವ ಖೆಲ್ಲಾ ಗಿಡದ ಬೀಜದಿಂದ ಸಿಗುವ ಅಂಶವನ್ನು ಹಿಡಿದು ಉಬ್ಬಸಕ್ಕೆ ಔಷಧಿ ಹುಡುಕುವ ಕೆಲಸಕ್ಕೆ ಇಳಿದರು. ತಮಗೆ ಆಗದ ವಸ್ತುವನ್ನು ತಾವೇ ಉಸಿರಾಡಿ, ಉಬ್ಬಸ ಬರಿಸಿಕೊಂಡು, ಒಂದೊಂದೇ ಔಷಧಿಯನ್ನು ತಮ್ಮ ಮೇಲೇ ಪರೀಕ್ಷಿಸಿದರು. ಹಾಗೆ ಸಿಕ್ಕಿದ್ದು ಸೋಡಿಯಂ ಕ್ರೋಮೋಗ್ಲೈಕೇಟ್. ಉಬ್ಬಸ ಬರುವ ಮುಂಚೆಯೇ ತಡೆಯುವ ಔಷಧಿ. ಅದನ್ನು ಪುಡಿಯಾಗಿ ಶ್ವಾಸಕ್ಕೆ ಎಳೆದುಕೊಳ್ಳಲು ಅವರು ಮಾಡಿದ ಸಾಧನದಲ್ಲಿ ವಿಮಾನದ ರೆಕ್ಕೆಚಕ್ರದ ಹಾಗೆ ತಿರುಗುವ ಪುಟ್ಟ ಚಕ್ರ ಇತ್ತು. ಗಾಳಿಯನ್ನು ಹೇಗೆ ಹಿಡಿಯಬೇಕು ಅಂತ ಅವರು ಮೊದಲು ಕಲಿತದ್ದು ಕಾನಿಸ್ಟನ್ ಕೆರೆಯಲ್ಲಿ. ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಉಸಿರಿಗಾಗಿ ರಾತ್ರಿ ಎದ್ದು ಕೂತವರಿದ್ದಾರೆ. ಇದನ್ನು ಓದಿದ ದಿನ ನಾನು ಮಗಳನ್ನು ಕರೆದು ಮತ್ತೆ ಮೊದಲ ಪುಟ ಓದಿ ಹೇಳಿದೆ.

ಈ ಸರಣಿಯಲ್ಲಿ ಒಟ್ಟು 12 ಪುಸ್ತಕಗಳಿವೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಆದರೆ 1937ರ 'ವಿ ಡಿಡ್‌ನ್ಟ್ ಮೀನ್ ಟು ಗೋ ಟು ಸೀ' ಮೊದಲನೆಯದಕ್ಕಿಂತಲೂ ಒಂದು ಕೈ ಮೇಲು. ಅಲ್ಲಿ ಇದೇ ನಾಲ್ಕು ಮಕ್ಕಳು, ದೋಣಿಯ ಯಜಮಾನ ಪೆಟ್ರೋಲ್ ತರಲು ದಡಕ್ಕೆ ಹೋದಾಗ, ಮಂಜಿನಲ್ಲಿ ತೇಲಿ ಸಮುದ್ರಕ್ಕೆ ಹೋಗಿಬಿಡುತ್ತಾರೆ. ಬಿರುಗಾಳಿಯ ಇಡೀ ರಾತ್ರಿ ಜಾನ್ ದೋಣಿ ನಡೆಸಿ ಹಾಲೆಂಡ್ ತಲುಪುತ್ತಾನೆ. ಅಲ್ಲಿ ಅಪ್ಪ ಸಿಗುತ್ತಾನೆ. ಪುಸ್ತಕಗಳಲ್ಲಿ ಬರೀ ಟೆಲಿಗ್ರಾಂ ಆಗಿದ್ದ ಅಪ್ಪ! ಆತ ಮಗನ ಭುಜ ಹಿಡಿದು, ನೀನು ನಾವಿಕನಾಗ್ತೀಯ ಕಣೋ ಅಂತ ಒಂದೇ ಮಾತು ಹೇಳುತ್ತಾನೆ. ಅಲ್ಲಿ ನಾನು ಅತ್ತೆ.

ಆದರೆ ನನ್ನ ಮನಸ್ಸು ಪದೇ ಪದೇ ಹೋಗುವುದು ಮೊದಲ ಪುಸ್ತಕದ ಒಂದು ಮಧ್ಯಾಹ್ನಕ್ಕೆ. ಉಳಿದವರು ಯುದ್ಧಕ್ಕೆ ಹೋಗಿದ್ದಾರೆ. ದ್ವೀಪ ಕಾಯಲು ಟಿಟ್ಟಿ ಒಬ್ಬಳೇ ಇದ್ದಾಳೆ. ತಾನು ದ್ವೀಪದಲ್ಲಿ ಒಂಟಿಯಾಗಿ ಉಳಿದ ಕಥಾನಾಯಕ ರಾಬಿನ್ಸನ್ ಕ್ರೂಸೋ ಅಂದುಕೊಂಡಿದ್ದಾಳೆ. ಆಗ ಅಮ್ಮ ದೋಣಿಯಲ್ಲಿ ಬರುತ್ತಾಳೆ. ಮಗಳು ಒಬ್ಬಳೇ ಇರುವುದನ್ನು ನೋಡುತ್ತಾಳೆ. ಗಾಬರಿ ಮುಖದಲ್ಲಿ ತೋರಿಸುವುದಿಲ್ಲ. ಆ ಕ್ಷಣವೇ ಕ್ರೂಸೋನ ಜೊತೆಗಾರ ಫ್ರೈಡೇ ಆಗಿಬಿಡುತ್ತಾಳೆ. ಇಬ್ಬರೂ ಬೆಂಕಿಯ ಹತ್ತಿರ ಕೂತು ಅಡುಗೆ ಮಾಡಿ ತಿನ್ನುತ್ತಾರೆ. ಅಮ್ಮ ತಾನು ಬೆಳೆದ ಆಸ್ಟ್ರೇಲಿಯಾದ ಕಥೆ ಹೇಳುತ್ತಾಳೆ. ಹೊರಡುವಾಗ, ನನ್ನ ಜೊತೆ ಬರ್ತೀಯಾ ಅಂತ ಕೇಳುತ್ತಾಳೆ. ಟಿಟ್ಟಿ ಇಲ್ಲ ಅನ್ನುತ್ತಾಳೆ. ಅಮ್ಮ ಇನ್ನೊಂದು ಸಲ ಒತ್ತಾಯಿಸದೆ ಹೊರಡುತ್ತಾಳೆ. ದೋಣಿ ದೂರವಾಗುವುದನ್ನು ಟಿಟ್ಟಿ ದುರ್ಬೀನಿನಲ್ಲಿ ನೋಡುತ್ತಾ ನಿಲ್ಲುತ್ತಾಳೆ. ನೋಡ್ತಾ ನೋಡ್ತಾ ಎಲ್ಲ ಮಂಜಾಗುತ್ತದೆ. ಎಬಡಿ, ಬಹಳ ಹೊತ್ತು ನೋಡಿದ್ದಕ್ಕೆ ಹೀಗಾಗಿದೆ, ಇನ್ನೊಂದು ಕಣ್ಣಲ್ಲಿ ನೋಡು ಅಂತ ತನಗೆ ತಾನೇ ಹೇಳಿಕೊಳ್ಳುತ್ತಾಳೆ.

'ಅಳು' ಅನ್ನುವ ಪದ ಅಲ್ಲೆಲ್ಲೂ ಇಲ್ಲ. ಆ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುತ್ತಿರುವ ಅಮ್ಮನ ಮುಖ ಹೇಗಿತ್ತು ಅಂತಲೂ ಇಲ್ಲ. ಹುಟ್ಟು ಹಾಕುವವರು ಹಿಂದುಮುಂದಾಗಿ ಕೂರುತ್ತಾರೆ. ಅಂದರೆ ದಾರಿಯುದ್ದಕ್ಕೂ ಅವಳಿಗೆ ದ್ವೀಪ ಕಾಣುತ್ತಲೇ ಇತ್ತು.

ಕಳೆದ ವಾರ ಮಗಳು ಒಂದು ಚೀಟಿ ತಂದು ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟಳು. ಏಪ್ರಿಲ್‌ನಲ್ಲಿ ಅಜ್ಜನ ಮನೆಗೆ ಹೋದಾಗ ಗೇರುಗುಡ್ಡದಲ್ಲಿ ನಾಲ್ಕು ದಿನ. ಅವಳು, ಅಣ್ಣನ ಮಕ್ಕಳಿಬ್ಬರು, ಅಕ್ಕನ ಮಗ. ಕೆಳಗೆ ಸಾಮಾನಿನ ಪಟ್ಟಿ: ಬೆಂಕಿಪೊಟ್ಟಣ, ಉಪ್ಪು, ಈರುಳ್ಳಿ, ಮ್ಯಾಗಿ, ಕಂಬಳಿ, ಹಗ್ಗ. ನನಗೆ ಹಾವು ನೆನಪಾಯಿತು, ಸಿಡಿಲು ನೆನಪಾಯಿತು, ಹಳ್ಳ ನೆನಪಾಯಿತು. ಒಂದು ದಿನ ಏನೂ ಉತ್ತರ ಕೊಡಲಿಲ್ಲ. ಮಾರನೇ ದಿನ ಪಟ್ಟಿಗೆ ಬ್ಯಾಟರಿ, ಗಂಬೂಟು ಮತ್ತು ಸುಟ್ಟಗಾಯದ ಮುಲಾಮು ಸೇರಿಸಿದೆ. ಊರಿಗೆ ಫೋನ್ ಮಾಡಿ ಬಿಡಾರದ ಮಾಡು ಹೇಗಿದೆ ಅಂತ ವಿಚಾರಿಸಿದೆ. ಸಂಜೆ ಅವಳು ಸ್ಕೂಲಿಂದ ಬಂದಾಗ ಒಂದೇ ಒಂದು ಕೇಳಿದೆ.

"ಬೆಳಿಗ್ಗೆ ಹಾಲಿಗೆ ಯಾರು ಬರ್ತೀರಿ?"